ಹಾಡಿದ್ದು ಗೊತ್ತು, ನುಡಿಸಿದ್ದು?

ಕೇಳುಗರೆಲ್ಲರಿಗೂ ನಮಸ್ಕಾರ.

ಪಾಪ್ ಸಂಗೀತದ ಚರಿತ್ರೆಯಲ್ಲಿ ಎಲ್ಲರ ಹಾದಿ ಬಿಟ್ಟು ತಮ್ಮದೇ ಹಾದಿ ಹಿಡಿದ ಹೆಣ್ಣುಮಕ್ಕಳ ಬಗ್ಗೆ ಮಾತಾಡಿ ಎಂದು ರೇಡಿಯೋ ನಿಲಯದವರು ಕೇಳಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಎಲ್ಲರಿಗೂ ನೆನಪಾಗುವುದು ಗಾಯಕಿಯರು. ಯಾರ ದನಿ ಎಷ್ಟು ಮೇಲಕ್ಕೆ ಹೋಗುತ್ತಿತ್ತು, ಯಾರು ಎಂಥ ಬಟ್ಟೆ ತೊಟ್ಟರು, ಯಾರ ಮದುವೆ ಯಾಕೆ ಮುರಿಯಿತು. ಇವತ್ತು ನಾನು ಆ ದಾರಿಗೆ ಹೋಗುವುದಿಲ್ಲ. ವಾದ್ಯ ಹಿಡಿದವರ ಬಗ್ಗೆ ಹೇಳುತ್ತೇನೆ. ನನ್ನದು ಒಂದೇ ಮಾತು. ಹೆಣ್ಣಿನ ಕೊರಳನ್ನು ಲೋಕ ಚೆನ್ನಾಗಿ ಕೇಳಿಸಿಕೊಂಡಿದೆ, ಆಕೆಯ ಕೈಯನ್ನು ನೋಡಿಲ್ಲ. ಕೈ ನೋಡಿ.

ನಾನು ಗಿಟಾರ್ ಕಲಿಸುವವಳು. ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಈಗಲೂ ಹೇಳುತ್ತಾರೆ, "ಮೇಡಂ, ಗಿಟಾರಿಗೆ ಇವನನ್ನ ಸೇರಿಸ್ಕೊಳ್ಳಿ, ಇವಳಿಗೆ ಹಾಡೋದು ಸಾಕು." ಯಾಕಮ್ಮ ಸಾಕು? ಬೆರಳು ಇಬ್ಬರಿಗೂ ಐದೈದೇ ಅಲ್ಲವೇ? ರಾಕ್ ಅಂಡ್ ರೋಲ್ ಎಂದರೆ ಗಂಡುಹುಡುಗರು ಗಿಟಾರ್ ನೇತುಹಾಕಿಕೊಂಡು ಕುಣಿಯುವುದು ಎಂದು ನಾವು ತಿಳಿದಿದ್ದೇವೆ. ಆ ಗಂಡುಹುಡುಗರಿಗೆ ದಾರಿ ತೋರಿಸಿದ್ದು ಚರ್ಚಿನಲ್ಲಿ ಬೆಳೆದ ಒಬ್ಬ ಹೆಣ್ಣುಮಗಳು. ಹೆಸರು ಸಿಸ್ಟರ್ ರೊಸೆಟಾ ಥಾರ್ಪ್.

ರೊಸೆಟಾ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಸಣ್ಣ ಊರಲ್ಲಿ. ಹೆಸರಿನಲ್ಲೇ ಹತ್ತಿ ಇರುವ ಊರು, ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಸೀಮೆ. ತಾಯಿ ಕೇಟಿ ಬೆಲ್ ಮ್ಯಾಂಡೊಲಿನ್ ನುಡಿಸುತ್ತ, ಹಾಡುತ್ತ, ಊರೂರು ತಿರುಗಿ ಧರ್ಮಬೋಧೆ ಮಾಡುತ್ತಿದ್ದರು. ಮಗು ಆರು ವರ್ಷಕ್ಕೆಲ್ಲ ತಾಯಿಯ ಜೊತೆ ನಿಂತು ಗಿಟಾರ್ ಬಾರಿಸುತ್ತಿತ್ತು. ಮುಂದೆ ತಾಯಿ ಮಗಳು ಷಿಕಾಗೋಗೆ ಹೋದರು. ಅವರ ಚರ್ಚಿನಲ್ಲಿ ಭಜನೆ ಅಂದರೆ ಮೆಲ್ಲಗೆ ಗುನುಗುವುದಲ್ಲ, ಚಪ್ಪಾಳೆ, ಕುಣಿತ, ವಾದ್ಯ ಎಲ್ಲ ಸೇರಿ ಕಟ್ಟಡ ಅದುರಬೇಕು. ಅಂಥ ಗದ್ದಲದ ನಡುವೆ ಕೇಳಿಸಬೇಕಾದರೆ ಗಿಟಾರನ್ನು ಹೇಗೆ ಮೀಟಬೇಕು ಎಂಬುದು ಆ ಹುಡುಗಿಯ ಕೈಗೆ ಅಲ್ಲೇ ಹತ್ತಿತು.

1938ರಲ್ಲಿ ರೊಸೆಟಾ ನ್ಯೂಯಾರ್ಕಿಗೆ ಬಂದರು. ಡೆಕ್ಕಾ ಕಂಪನಿಗೆ ರೆಕಾರ್ಡ್ ಕೊಟ್ಟರು, ಕಾಟನ್ ಕ್ಲಬ್ಬಿನಲ್ಲಿ ಹಾಡಿದರು. ದೇವರ ಹಾಡನ್ನು ಕುಡಿತ ಕುಣಿತದ ಜಾಗಕ್ಕೆ ತೆಗೆದುಕೊಂಡು ಹೋದಳಲ್ಲ ಎಂದು ಚರ್ಚಿನ ಜನ ಸಿಟ್ಟಾದರು. ರೊಸೆಟಾ ಎರಡೂ ಕಡೆ ಹಾಡಿದರು, ಎರಡನ್ನೂ ಬಿಡಲಿಲ್ಲ. 1944ರಲ್ಲಿ ಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಎಂಬ ಹಾಡು ಮರುವರ್ಷ ಕಪ್ಪು ಜನರ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಮುಂದೆ ರಾಕ್ ಅಂಡ್ ರೋಲ್ ದೊರೆ ಎನಿಸಿದ ಎಲ್ವಿಸ್ ಪ್ರೆಸ್ಲಿಗೆ ಆಗ ಹತ್ತು ವರ್ಷ. ಅದೇ ಸಂಗೀತದ ಇನ್ನೊಬ್ಬ ದಿಗ್ಗಜ, ಗಿಟಾರ್ ವಾದಕ ಚಕ್ ಬೆರಿಗೆ ಹದಿನೆಂಟು. ರಾಕ್ ಅಂಡ್ ರೋಲ್ ಎಂಬ ಹೆಸರೇ ಇನ್ನೂ ಬಾಯಿಗೆ ಬಂದಿರಲಿಲ್ಲ, ಈ ಹೆಣ್ಣುಮಗಳ ಕೈಗೆ ಅದು ಬಂದುಬಿಟ್ಟಿತ್ತು.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗ. ಇದನ್ನು ನಿಧಾನವಾಗಿ ಹೇಳುತ್ತೇನೆ, ನೀವೂ ಕೈಗೆಲಸ ಒಂದು ಗಳಿಗೆ ನಿಲ್ಲಿಸಿ ಕೇಳಿ.

1964ರ ಮೇ 7. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ. ಬ್ಲೂಸ್ ಎಂಬ ಕಪ್ಪು ಜನರ ಹಾಡು, ಗಾಸ್ಪೆಲ್ ಎಂಬ ಅವರ ಚರ್ಚಿನ ಹಾಡು, ಇವನ್ನು ಹಾಡುವ ಅಮೆರಿಕದ ಕಲಾವಿದರ ತಂಡವೊಂದು ಪ್ರವಾಸ ಬಂದಿದೆ, ಅದರಲ್ಲಿ ರೊಸೆಟಾ ಕೂಡ ಇದ್ದಾರೆ. ಗ್ರನಾಡಾ ಟೆಲಿವಿಷನ್ನಿನವರಿಗೆ ಅವರ ಕಾರ್ಯಕ್ರಮ ಚಿತ್ರೀಕರಿಸಬೇಕು. ಅವರು ಸ್ಟುಡಿಯೋ ಬಿಟ್ಟು, ಪ್ರಯಾಣಿಕರ ರೈಲು ನಿಲ್ಲುವುದು ಎಂದೋ ತಪ್ಪಿಹೋಗಿದ್ದ ವಿಲ್‌ಬ್ರಹಾಂ ರೋಡ್ ಎಂಬ ಸ್ಟೇಷನ್ ಆರಿಸಿಕೊಂಡರು. ಅದನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಸ್ಟೇಷನ್ನಿನ ಹಾಗೆ ಸಿಂಗರಿಸಿದರು. ಮರದ ಪೆಟ್ಟಿಗೆಗಳು ಬಂದವು, ಗೋಡೆಗೆ ಪೋಸ್ಟರ್ ಬಂತು, ಮೇಕೆ ಕೋಳಿ ಕೂಡ ಬಂದವು. ನೋಡಲು ಬಂದ ಹುಡುಗ ಹುಡುಗಿಯರನ್ನು ಪೇಟೆಯ ದೊಡ್ಡ ಸ್ಟೇಷನ್ನಿಂದ ರೈಲಿನಲ್ಲೇ ಕರೆತಂದರು. ಒಂದು ಪ್ಲಾಟ್‌ಫಾರಂ ಮೇಲೆ ಅವರು ಕೂತರು. ಎದುರಿನ ಪ್ಲಾಟ್‌ಫಾರಂ ಕಲಾವಿದರಿಗೆ. ನಡುವೆ ಹಳಿ.

ಎಲ್ಲ ಸಿದ್ಧವಾಯಿತು, ಮಳೆ ಹಿಡಿಯಿತು. ಮ್ಯಾಂಚೆಸ್ಟರಿನ ಮಳೆ, ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಪ್ಲಾಟ್‌ಫಾರಂ ಎಲ್ಲ ನೀರು. ವಿದ್ಯುತ್ ಗಿಟಾರ್, ವೈರು, ಆಂಪ್ಲಿಫೈಯರ್, ಮೈಕು, ಅದರ ಜೊತೆ ಮಳೆ. ಯಾರೇ ಆಗಲಿ ಹಿಂಜರಿಯುವ ಹೊತ್ತು. ರೊಸೆಟಾ ನಿರ್ಮಾಪಕರನ್ನು ಕೇಳಿದ್ದು ಒಂದೇ, ಮೊದಲ ಹಾಡು ಬದಲಾಯಿಸಲೇ ಅಂತ. ಬದಲಾಯಿಸಿ ಎತ್ತಿಕೊಂಡದ್ದು 'ಡಿಡಂಟ್ ಇಟ್ ರೇನ್', ಬೈಬಲ್ಲಿನ ನೋಹನ ಕಾಲದ ಮಹಾಮಳೆಯ ಹಾಡು.

ಕುದುರೆಗಾಡಿಯಲ್ಲಿ ಬಂದು ಇಳಿಯುತ್ತಾರೆ. ವಯಸ್ಸು ನಲವತ್ತೊಂಬತ್ತು. ಮೈತುಂಬ ದಪ್ಪ ಕೋಟು, ಎತ್ತರದ ಹಿಮ್ಮಡಿಯ ಚಪ್ಪಲಿ. ಒದ್ದೆ ನೆಲದ ಮೇಲೆ ಗಾಂಭೀರ್ಯದಿಂದ ನಡೆದು ಬಂದು ಬಿಳಿಯ ಗಿಬ್ಸನ್ ಗಿಟಾರನ್ನು ಹೆಗಲಿಗೇರಿಸುತ್ತಾರೆ. ಹಾಡು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಹಾಡು ನಿಂತು ಗಿಟಾರ್ ಒಂದೇ ಮಾತಾಡುತ್ತದೆ. ನಾನು ಹೇಳುತ್ತಿದ್ದ ಕೈ ಇದೇ. ಎಡಗೈ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆಯುತ್ತದೆ, ಸ್ವರ ಒದ್ದಾಡುತ್ತ ಮೇಲಕ್ಕೆ ಜಾರುತ್ತದೆ. ಬಲಗೈ ಮೀಟಿದ್ದೇ ತಂತಿಯಿಂದ ಹಾರಿ ಗಾಳಿಗೆ ಹೋಗುತ್ತದೆ, ಮುಂದಿನ ಪೆಟ್ಟಿಗೆ ಸರಿಯಾಗಿ ವಾಪಸು ಬಂದು ಬೀಳುತ್ತದೆ. ಮುಖದಲ್ಲಿ ಆತಂಕ ಇಲ್ಲ, ಸಂತೋಷ ಇದೆ. ಎದುರು ಕೂತ ಎಳೆಯರು ಮಳೆ ಮರೆತು ಚಪ್ಪಾಳೆ ತಟ್ಟುತ್ತಾರೆ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ರಂಥ ಘಟಾನುಘಟಿಗಳು ಹಾಡಿದ ಕಾರ್ಯಕ್ರಮ ಅದು. ಇವತ್ತಿಗೂ ಜನ ಹುಡುಕಿ ಹುಡುಕಿ ನೋಡುವುದು ರೊಸೆಟಾ ನುಡಿಸಿದ ಆ ಕೆಲವು ನಿಮಿಷಗಳನ್ನು.

ಇಷ್ಟಾದರೂ ರೊಸೆಟಾಗೆ ಸಿಗುತ್ತಿದ್ದ ಹೊಗಳಿಕೆ ಯಾವುದು ಗೊತ್ತೇ? "ಗಂಡಸಿನ ಹಾಗೆ ನುಡಿಸುತ್ತಾಳೆ." ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಲ್ವಿಸ್ಸಿಗಿಂತ ಮೊದಲು, ಚಕ್ ಬೆರಿಗಿಂತ ಮೊದಲು ಹಾಗೆ ನುಡಿಸುತ್ತಿದ್ದವರು ಯಾವ ಗಂಡಸಿನ ಹಾಗೆ ನುಡಿಸಬೇಕಿತ್ತು? ಆಮೇಲೆ ಬಂದ ಗಂಡಸರು ರೊಸೆಟಾ ಹಾಗೆ ನುಡಿಸಿದರು ಅನ್ನಿ, ಒಪ್ಪುತ್ತೇನೆ. ಇನ್ನೂ ಹದಿನಾಲ್ಕು ವರ್ಷದ ಲಿಟಲ್ ರಿಚರ್ಡ್‌ನನ್ನು 1947ರಲ್ಲಿ ತಮ್ಮ ವೇದಿಕೆಗೆ ಕರೆದು ಹಾಡಿಸಿ, ಕೈಗೆ ದುಡ್ಡು ಕೊಟ್ಟು ಕಳಿಸಿದವರು ಕೂಡ ಇವರೇ. ಆ ಹುಡುಗ ಮುಂದೆ ದೊಡ್ಡ ರಾಕ್ ತಾರೆಯಾದದ್ದು ರಾಕ್ ಸಂಗೀತ ಕೇಳಿದವರಿಗೆಲ್ಲ ಗೊತ್ತು.

1951ರಲ್ಲಿ ರೊಸೆಟಾ ವಾಷಿಂಗ್ಟನ್ನಿನ ಬೇಸ್‌ಬಾಲ್ ಮೈದಾನದಲ್ಲಿ ಟಿಕೆಟ್ ಇಟ್ಟು ಮದುವೆಯಾದರು, ಮದುಮಗಳ ಉಡುಪಿನಲ್ಲೇ ಗಿಟಾರ್ ನುಡಿಸಿದರು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅದೇ ದೇಶದ ದಕ್ಷಿಣದ ಊರುಗಳಲ್ಲಿ ಪ್ರವಾಸ ಹೋದಾಗ ಬಿಳಿಯರ ಹೋಟೆಲಿನೊಳಗೆ ಕೂತು ಊಟ ಮಾಡುವ ಹಾಗಿರಲಿಲ್ಲ. ಜೊತೆಗಿದ್ದ ಬಿಳಿಯ ಹಾಡುಗಾರರು ಊಟ ಕಟ್ಟಿಸಿಕೊಂಡು ಬಸ್ಸಿಗೆ ತಂದುಕೊಡುತ್ತಿದ್ದರು. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲಿರಲಿಲ್ಲ. 2008ರಲ್ಲಿ ಅಭಿಮಾನಿಗಳು ಸಂಗೀತ ಕಛೇರಿ ನಡೆಸಿ ಹಣ ಕೂಡಿಸಿದ ಮೇಲೆ ಕಲ್ಲು ಬಂತು. ಈ ಸಂಗೀತದ ಹಿರಿಯರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆ 1986ರ ಮೊದಲ ಸಲವೇ ಎಲ್ವಿಸ್, ಚಕ್ ಬೆರಿ, ಲಿಟಲ್ ರಿಚರ್ಡ್ ಇವರನ್ನೆಲ್ಲ ಸೇರಿಸಿಕೊಂಡಿತು. ರೊಸೆಟಾಗೆ ಬಾಗಿಲು ತೆರೆದದ್ದು 2018ರಲ್ಲಿ. ಕೊರಳು ನೆನಪಿತ್ತು, ಕೈ ಮರೆತಿತ್ತು, ಅದಕ್ಕೇ ಇಷ್ಟು ತಡ.

ಸಮಯದ ಬಹುಪಾಲು ರೊಸೆಟಾಗೇ ಹೋಯಿತು. ಹೋಗಲಿ. ಉಳಿದವರನ್ನು ಬೇಗ ಹೇಳುತ್ತೇನೆ.

ಎಲಿಜಬೆತ್ ಕಾಟನ್. ಉತ್ತರ ಕೆರೊಲಿನಾದವರು, ಎಡಚರು. ಅಣ್ಣನ ವಾದ್ಯವನ್ನು ಕದ್ದು ನುಡಿಸಿ ಕಲಿತರು. ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಲೆಕೆಳಗಾಗಿ ಹಿಡಿದದ್ದರಿಂದ ದಪ್ಪ ತಂತಿ ಕೆಳಗೆ ಬಂತು, ಸಣ್ಣ ತಂತಿ ಮೇಲೆ. ಎಲ್ಲರೂ ಹೆಬ್ಬೆರಳಲ್ಲಿ ಮಂದ್ರ ನುಡಿಸಿ ಬೆರಳಲ್ಲಿ ರಾಗ ನುಡಿಸಿದರೆ, ಇವರ ಹೆಬ್ಬೆರಳು ರಾಗ ಹಿಡಿಯಿತು. 'ಫ್ರೇಟ್ ಟ್ರೇನ್' ಹಾಡು ಕಟ್ಟಿದಾಗ ಇನ್ನೂ ಚಿಕ್ಕ ಹುಡುಗಿ. ಆಮೇಲೆ ಎಷ್ಟೋ ವರ್ಷ ಗಿಟಾರ್ ಮುಟ್ಟಲಿಲ್ಲ, ಮನೆಗೆಲಸ ಮಾಡಿದರು. ಕೆಲಸಕ್ಕಿದ್ದ ಸೀಗರ್ ಮನೆಯಲ್ಲಿ ಎಲ್ಲರೂ ಸಂಗೀತಗಾರರು, ಗೋಡೆಗೆ ಗಿಟಾರ್ ತೂಗುಹಾಕಿತ್ತು. ಎತ್ತಿಕೊಂಡರು, ಕೈ ಮರೆತಿರಲಿಲ್ಲ. ಅರವತ್ತು ದಾಟಿದ ಮೇಲೆ, 1958ರಲ್ಲಿ ಮೊದಲ ಆಲ್ಬಂ. ತೊಂಬತ್ತು ದಾಟಿದ ಮೇಲೆ ಗ್ರ್ಯಾಮಿ ಪ್ರಶಸ್ತಿ. ಇನ್ನು ಈ ವಯಸ್ಸಿಗೆ ನಾನು ಏನು ಕಲಿಯಲಿ ಎನ್ನುವ ತಾಯಂದಿರೇ, ನಿಮಗೂ ಕೇಳಿಸಿತಲ್ಲ?

ಕ್ಯಾರಲ್ ಕೇ. ಲಾಸ್ ಏಂಜಲೀಸ್‌ನ ಕ್ಲಬ್ಬುಗಳಲ್ಲಿ ಜ್ಯಾಝ್ ಗಿಟಾರ್ ನುಡಿಸುತ್ತ ಸ್ಟುಡಿಯೋಗಳಿಗೆ ಬಂದವರು. 1963ರಲ್ಲಿ ಒಂದು ದಿನ ಬೇಸ್, ಅಂದರೆ ಮಂದ್ರ ಸ್ವರದ ಗಿಟಾರ್, ನುಡಿಸಬೇಕಿದ್ದಾತ ಬರಲಿಲ್ಲ, ಇವರ ಕೈಗೆ ಬೇಸ್ ಬಂತು, ಮತ್ತೆ ಬಿಡಲಿಲ್ಲ. ಬೀಚ್ ಬಾಯ್ಸ್ ಎಂಬ ಪ್ರಸಿದ್ಧ ತಂಡದ ಆಲ್ಬಂಗಳಲ್ಲಿ ಕೆಳಗಿನಿಂದ ಹಾಡನ್ನು ಎತ್ತಿ ನಡೆಸುವ ಆ ಬೇಸ್ ಅನೇಕ ಕಡೆ ಇವರದು. ಸಾನಿ ಮತ್ತು ಶೇರ್ ಜೋಡಿಯ 'ದ ಬೀಟ್ ಗೋಸ್ ಆನ್' ಇಡೀ ನಿಂತಿರುವುದು ಇವರು ಹೊಳೆಯಿಸಿಕೊಟ್ಟ ಬೇಸ್ ಮೇಲೆ. ರೆಕಾರ್ಡಿನ ಹೊದಿಕೆಯ ಮೇಲೆ ಇಂಥವರ ಹೆಸರು ಹಾಕುವ ವಾಡಿಕೆಯೇ ಆಗ ಇರಲಿಲ್ಲ.

ಕಡೆಗೆ ಡೀಲಿಯಾ ಡರ್ಬಿಷೈರ್, ರೇಡಿಯೋದವರು ಎಂಬ ಅಭಿಮಾನದಿಂದ ಹೇಳುತ್ತೇನೆ. ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದ ಹುಡುಗಿ 1959ರಲ್ಲಿ ಡೆಕ್ಕಾ ಕಂಪನಿಗೆ ಕೆಲಸ ಕೇಳಿದಾಗ, ನಮ್ಮ ಸ್ಟುಡಿಯೋಗಳಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಬಿಬಿಸಿಯಲ್ಲಿ ಕಾರ್ಯಕ್ರಮಗಳಿಗೆ ಹೊಸ ಬಗೆಯ ಶಬ್ದ, ಸಂಗೀತ ಮಾಡಿಕೊಡುತ್ತಿದ್ದ ರೇಡಿಯೋಫೋನಿಕ್ ವರ್ಕ್‌ಶಾಪ್ ಸೇರಿದರು. 1963ರಲ್ಲಿ ಡಾಕ್ಟರ್ ಹೂ ಎಂಬ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ ಅವರ ಮೇಜಿಗೆ ಬಂತು, ಸಂಗೀತ ಸಂಯೋಜಕ ರಾನ್ ಗ್ರೇನರ್ ಕಾಗದದ ಮೇಲೆ ಬರೆದದ್ದು. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ವಾದ್ಯ ಕೈಗೆ ಸಿಗದ ಕಾಲ. ಒಂದು ತಂತಿ ಮೀಟಿದ ಶಬ್ದ, ಆಸಿಲೇಟರ್ ಎಂಬ ಯಂತ್ರದ ಒಂದೇ ಸಮನೆ ಬರುವ ಶಬ್ದ, ಇವನ್ನು ಟೇಪಿನ ಮೇಲೆ ಹಿಡಿದು, ಬೇಕಾದ ಶ್ರುತಿಗೆ ವೇಗ ಹೊಂದಿಸಿ, ಅಳತೆ ಮಾಡಿ ಕತ್ತರಿಸಿ, ಮಾಲೆ ಕಟ್ಟುವ ಹಾಗೆ ಒಂದರ ಪಕ್ಕ ಒಂದು ಸ್ವರವನ್ನು ಅಂಟಿಸುತ್ತ ಹೋದರು. ಕೇಳಿದ ಗ್ರೇನರ್, ಇದನ್ನು ನಾನೇ ಬರೆದೆನಾ ಎಂದು ಬೆರಗಾದರಂತೆ. ಡೀಲಿಯಾ ಹೆಸರನ್ನೂ ತಮ್ಮ ಜೊತೆ ಹಾಕಬೇಕು ಎಂದು ಅವರು ಬಯಸಿದರೂ ಸಂಸ್ಥೆಯ ನಿಯಮ ಬಿಡಲಿಲ್ಲ. ಪರದೆಯ ಮೇಲೆ ಆ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಗೆ ಐವತ್ತು ತುಂಬಿದಾಗ. ಡೀಲಿಯಾ ತೀರಿಕೊಂಡು ಆಗಲೇ ಹನ್ನೆರಡು ವರ್ಷ.

ಇವರೆಲ್ಲರ ಸಂಗೀತ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಮ್ಯಾಂಚೆಸ್ಟರ್ ಸ್ಟೇಷನ್ನಿನ ಚಿತ್ರವೂ ಸಿಗುತ್ತದೆ. ಸಂಜೆ ಮಗಳು ಶಾಲೆಯಿಂದ ಬಂದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಗಿಟಾರ್ ಬೇಕು ಅಂದರೆ ಕೊಡಿಸಿ, ದುಬಾರಿಯದೇ ಆಗಬೇಕಿಲ್ಲ, ಕಲಿಯಲು ಸಾಧಾರಣ ಗಿಟಾರ್ ಸಾಕು. ಮೊದಮೊದಲು ಬೆರಳ ತುದಿ ನೋಯುತ್ತದೆ, ದಿನ ಕಳೆದಂತೆ ಗಟ್ಟಿಯಾಗುತ್ತದೆ, ಅದಕ್ಕೆ ಹೆದರಿ ಬಿಡಿಸಬೇಡಿ.

ನಮಸ್ಕಾರ.