ಕುದುರಿ ನಿಲ್ಲವಲ್ದಂತ ಲಗಾಮ್ ಬದಲಿಸಬ್ಯಾಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಪುಣೆ, ಮುಂಬೈ, ಗೋವಾದಾಗ ಸ್ವಂತ ಕುದುರಿ ಕಟ್ಟಿಕೊಂಡ ನಮ್ಮ ಕನ್ನಡ ಮಂದಿಗೆ ಈ ವಾರದ ಮಾತು. ಇವತ್ತು ಮಳಿಗಾಲದಾಗ ಗೊರಸು ಹೆಂಗ ನೋಡ್ಕೋಬೇಕು ಅಂತ ಹೇಳೋದಿತ್ತು. ಅದನ್ನ ಮುಂದಿನ ವಾರಕ್ಕ ಇಟ್ಟೀನಿ. ಯಾಕಂದ್ರ ಹೋದ ವಿಡಿಯೋದ ಕೆಳಗ ಒಬ್ಬರು ಬರದಾರ: "ಸರ್, ರೇಸಿನಿಂದ ಬಂದ ಥರೋಬ್ರೆಡ್ ತಗೊಂಡೀನಿ, ಎಷ್ಟು ಜಗ್ಗಿದ್ರೂ ನಿಲ್ಲವಲ್ದು, ಕಾಂಟಾ ಲಗಾಮ್ ಹಾಕ್ಲೇನು?" ಕಾಂಟಾ ಲಗಾಮ್ ಅಂದ್ರ ಕಡಿವಾಣಕ್ಕ, ಅಂದ್ರ ಬಾಯಾಗಿನ ಕಬ್ಬಿಣಕ್ಕ, ಮುಳ್ಳಿರೋದು. ಕೆಳಗ 11 ಮಂದಿ "ಹಾಕ್ರಿ, ಹಾಕ್ರಿ" ಅಂದಾರ.

ಹಾಕಬ್ಯಾಡ್ರಿ. ಲಗಾಮು ಬ್ರೇಕ್ ಅಲ್ರಿ.

ಈ ವಿಡಿಯೋ ಇಲ್ಲೇ ನಿಲ್ಲಿಸಿ ತಬೇಲಾಕ್ಕ ಹೋಗ್ರಿ. ಕುದುರಿ ಎಡಕ್ಕ ನಿಂತು, ತುಟಿ ಕೂಡೋ ಮೂಲ್ಯಾಗ ಹೆಬ್ಬೆರಳು ಮೆಲ್ಲಕ ಒಳಗ ಹಾಕ್ರಿ. ಅಲ್ಲಿ ಹಲ್ಲಿಲ್ಲ. ಮುಂದಿನ ಹಲ್ಲಿಗೂ ಹಿಂದಿನ ದವಡಿಹಲ್ಲಿಗೂ ನಡುವ ಖಾಲಿ ಜಾಗಾ ಅದು. ಗಂಡಿದ್ರ ಮುಂದಕ್ಕ ಒಂದು ಕೋರೆಹಲ್ಲು ಸಿಗ್ತದ, ಅಷ್ಟ. ಈಗ ಕೆಳದವಡಿ ಮ್ಯಾಲೆ ಬೆರಳು ಒತ್ರಿ. ತೆಳ್ಳನ ಚರ್ಮ, ಅದರ ಕೆಳಗ ನೇರ ಎಲುಬು, ನಡುವ ಮಾಂಸ ಅನ್ನೋದ ಇಲ್ಲ. ನಿಮ್ಮ ಮೊಣಕಾಲ ಕೆಳಗಿನ ಎಲುಬು ಮುಟ್ಟಿ ನೋಡ್ರಿ, ಹಂಗ. ಕಡಿವಾಣ ಕೂಡೋದು ಅದರ ಮ್ಯಾಲೆ, ನಾಲಿಗಿ ಮ್ಯಾಲೆ. ಅಲ್ಲಿಗೆ ಕಬ್ಬಿಣದ ಮುಳ್ಳು ಇಟ್ಟು ಎರಡೂ ಕೈಲೆ ಜಗ್ಗಿದ್ರ ಏನಾಗ್ತದ? ನಾಲಿಗಿ ಹರಿತದ, ಚರ್ಮ ಸುಲಿತದ, ಎಲುಬಿನ ಮ್ಯಾಲೆ ಗಂಟು ಬೆಳಿತದ. ಆಮ್ಯಾಲೆ ನೀವ "ಇದರ ಬಾಯಿ ಗಟ್ಟಿ" ಅಂತೀರಿ.

ಇನ್ನ ರೇಸಿನ ಕುದುರಿ. ಪುಣೆದಾಗ ಮಳಿಗಾಲದ ಸೀಸನ್ ಮುಗಿದ ಮ್ಯಾಲೆ ಹಿಂಥಾ ಕುದುರಿ ಸಿಗ್ತಾವ, ಮಂದಿ ಖುಷೀಲೆ ತರ್ತಾರ. ಆದ್ರ ಅದು ಏನು ಕಲ್ತು ಬಂದದ ಅಂತ ಯಾರೂ ಕೇಳೂದಿಲ್ಲ. ಟ್ರ್ಯಾಕಿನ ಮ್ಯಾಲೆ ಜಾಕಿ ಲಗಾಮು ಸಣ್ಣದ ಹಿಡಿದು ಗಟ್ಟಿ ಕೂತ್ರ, ಕುದುರಿ ಕಡಿವಾಣದ ಮ್ಯಾಲೆ ಭಾರ ಹಾಕಿ ಇನ್ನಷ್ಟು ಓಡ್ತದ. ಅದರ ಭಾಷಾದಾಗ ಜಗ್ಗೋದು ಅಂದ್ರ "ಓಡು". ನೀವು ಜಗ್ತೀರಿ, ಅದು ಹೇಳಿದ ಮಾತು ಕೇಳ್ತದ. ತಪ್ಪು ಯಾರದ್ರಿ?

ಲಗಾಮು ಬ್ರೇಕ್ ಅಲ್ಲ. ಬ್ರೇಕ್ ಇರೋದು ಕುದುರಿ ತಲ್ಯಾಗ, ಅದನ್ನ ನಾವ ಕಲಿಸಬೇಕು.

ಕಲಿಸೋಕಿಂತ ಮೊದಲ ನೋವು ನೋಡ್ರಿ. ಮ್ಯಾಲಿನ ದವಡಿಹಲ್ಲಿನ ಹೊರಗಿನ ಅಂಚು ಬ್ಲೇಡಿನಂಗ ಚೂಪಾಗ್ತದ, ಗಲ್ಲ ಕೊರಿತದ; ವರ್ಷಕ್ಕೊಮ್ಮೆ ಹಲ್ಲು ಅರ ಹಾಕಸ್ರಿ. ಆಮ್ಯಾಲೆ ಜೀನು. ಸವಾರ ಮ್ಯಾಲೆ ಕೂತಾಗ ಜೀನಿನ ಮುಂದಿನ ಕಮಾನಿನ ಕೆಳಗ 2-3 ಬೆರಳು ಹೋಗಬೇಕು, ಹಿಂದ ಜೀನು ಕಡೀ ಪಕ್ಕೆಲುಬು ದಾಟಬಾರದು. ಸವಾರಿ ಮುಗಿಸಿ ಜೀನು ಇಳಿಸಿದ ಕೂಡ್ಲೆ ಬೆವರಿನ ಗುರುತು ನೋಡ್ರಿ. ಬೆನ್ನೆಲ್ಲಾ ತೊಯ್ದು, ಹೆಗಲಿನ ಬಾಜೂಕ ಅಂಗೈಯಷ್ಟು ಜಾಗಾ ಒಣಗೇ ಇದ್ರ, ಅಲ್ಲಿ ಜೀನು ಒತ್ತಲಿಕ್ಕತ್ತದ ಅಂತ ಸಂಶಯ ಪಡ್ರಿ. ಸುಮ್ಮನ ಬಿಟ್ರ ಮುಂದ ಅಲ್ಲೇ ಬಿಳಿ ಕೂದಲು ಬರ್ತಾವ. ಬೆನ್ನು ನೋಯೋ ಕುದುರಿ ಆ ನೋವಿನಿಂದ ದೂರ ಓಡ್ತದ, ಮತ್ತ ನೋವು ಅದರ ಬೆನ್ನ ಮ್ಯಾಲೇ ಕೂತಿರ್ತದ. ಇನ್ನ ತಿನಿಸು: 400 ಕಿಲೋ ಕುದುರಿಗೆ ದಿನಕ್ಕ 8 ಕಿಲೋದಷ್ಟು ಒಣಹುಲ್ಲು ಬೇಕು. ಮಳಿ ಅಂತ 23 ತಾಸು ಕಟ್ಟಿಹಾಕಿ, ಹುಲ್ಲು ಕಡಿಮಿ ಮಾಡಿ, ಓಟ್ಸ್, ಕಡ್ಲಿ ಸುರಿದ್ರ ಅದು ನಿಲ್ಲೂದಿಲ್ಲ, ಹಾರ್ತದ.

ಈಗ ಕಲಿಸೋದು. ಸಾದಾ, ದಪ್ಪನ್ನ ಸ್ನಾಫಲ್, ಅಂದ್ರ ಮುಳ್ಳಿಲ್ಲದ ಕಡಿವಾಣ ಹಾಕ್ರಿ. ಬಾಯಿಯ ಎರಡೂ ಕಡೆ 5 ಮಿಲಿಮೀಟರ್ ಹೊರಗ ಉಳೀಬೇಕು, ತುಟಿ ಮೂಲ್ಯಾಗ ಒಂದು ಸುಕ್ಕು ಬೀಳಬೇಕು, ಅಷ್ಟ. ಮೊದಲ ದಿನ ಮ್ಯಾಲೆ ಹತ್ತಲೇಬ್ಯಾಡ್ರಿ. ಹಗ್ಗ ಹಿಡಿದು ಮುಂದ ನಿಂತು, ಹಗ್ಗದಲೆ ಕುದುರಿ ಎದಿ ಕಡೆ ಮೆಲ್ಲಕ ಒತ್ತಡ ಕೊಡ್ರಿ, ಕಾಯ್ರಿ. ಕುದುರಿ ಭಾರ ಹಿಂದಕ್ಕ ಹಾಕಿದ ಕ್ಷಣ, ಕಾಲು ಎತ್ತೋಕಿಂತ ಮೊದಲ, ಕೈ ಬಿಡ್ರಿ. ಕಲಿಕಿ ಇರೋದೆಲ್ಲಾ ಆ ಬಿಡೋದ್ರಾಗ ಅದ. ಎರಡು ಸೆಕೆಂಡ್ ತಡ ಆದ್ರ ಅದು ಕಲಿಯೋದು ಬೇರೇನ.

ಆಮ್ಯಾಲೆ ಹತ್ತಿ, ನಿಂತಲ್ಲೇ ಎಡಗೈ ಲಗಾಮಿನ ಮ್ಯಾಲೆ ಕೆಳಗ ಜಾರಿಸಿ, ಕೈ ನಿಮ್ಮ ತೊಡಿಗೆ ತಂದು ಇಡ್ರಿ. ಜಗ್ಗಬ್ಯಾಡ್ರಿ, ಇಡ್ರಿ. ಕುದುರಿ ಸುತ್ತತದ, ಸುತ್ತಲಿ. ಕಾಲು ನಿಂತು, ಗದ್ದ ಸಡಿಲಾಗಿ ಮೂಗು ನಿಮ್ಮ ಬೂಟಿನ ಕಡೆ ಬಂದಾಗ ಮುಷ್ಟಿ ತೆಗೀರಿ. ಎಡಕ್ಕ 5 ಸಲ, ಬಲಕ್ಕ 5 ಸಲ. ನಿಂತಲ್ಲಿ ಪಕ್ಕಾ ಆದ ಮ್ಯಾಲೆ ನಡಿಗಿದಾಗ, ಆಮ್ಯಾಲೆ ಟ್ರಾಟಿನಾಗ, ಅಂದ್ರ ಸಣ್ಣ ಓಟದಾಗ. ಜೋರು ಓಟದಾಗ ಒಮ್ಮೆಲೆ ಮಾಡಬ್ಯಾಡ್ರಿ, ಅದರಾಗೂ ಮಳಿಯಾಗ ಗೋವಾದ ಕೆಂಪು ಮಣ್ಣಿನ ಮ್ಯಾಲೆ. ಕಾಲು ಅಡ್ಡ ಹೊಕ್ಕು ಕುದುರಿ ನಿಮ್ಮ ಮ್ಯಾಲೇ ಬೀಳ್ತದ. ಅಲ್ಲಿ ದೊಡ್ಡ ಸುತ್ತು ಹಾಕಿ, ಅದನ್ನ ಸಣ್ಣದು ಮಾಡ್ಕೋತ ಬರ್ರಿ. ದಿನಾ 25 ನಿಮಿಷ ಸಾಕು. ನಡಿ, ನಿಲ್ಲು, ನಡಿ, ನಿಲ್ಲು. ಒಂದು ಸವಾರ್ಯಾಗ 20 ಸಲ.

"ನಮ್ಮ ಅಜ್ಜನ ಕಾಲದಿಂದ ಮುಳ್ಳಿನ ಲಗಾಮ ಹಾಕ್ತೀವಿ" ಅಂತಾರ. ಅಜ್ಜನ ಕಾಲದ ಹಲ್ಲುನೋವಿನ ಔಷಧ ನೀವು ತಗೋತೀರೇನು? "ಮುಳಶಿ ರೋಡಿನ್ಯಾಗ ಟ್ರಕ್ ಬಂದ್ರ ಹೆಂಗ ನಿಲ್ಲಿಸೋದು?" ಅಂತಾರ. ನಿಲ್ಲಲಿಕ್ಕೆ ಕಲೀದ ಕುದುರಿ ರೋಡಿಗೆ ಯಾಕ ತಂದ್ರಿ? ನೋವಿಗೆ ಹೆದರಿದ ಕುದುರಿ ಟ್ರಕ್ ಮುಂದೇ ಎರಡು ಕಾಲ ಮ್ಯಾಲೆ ಏಳ್ತದ. ಮಹಾರಾಷ್ಟ್ರದ ಸಾರಂಗಖೇಡಾ ಕುದುರಿ ಜಾತ್ರ್ಯಾಗ ಮಾರವಾಡಿ ತಳಿ ಕುದುರಿ ತಗೊಂಡ್ರಿ, ಬಾಯಾಗ ಮುಳ್ಳಿತ್ತು ಅಂತೀರಿ? ಟ್ರಕ್ಕಿನಾಗ ಏರಿಸೋಕಿಂತ ಮೊದಲ ತೆಗೀರಿ. ಕಾಯ್ದೆನೂ ಇದನ್ನ ಹೇಳ್ತದ: ಸವಾರಿ, ಹೊರೆ, ಗಾಡಿ ಪ್ರಾಣಿಗಳಿಗೆ ಮಾಡಿದ 1965ರ ನಿಯಮಗಳಾಗ 8ನೇದು ಓದ್ರಿ, ಮುಳ್ಳಿನ ಕಡಿವಾಣ ಹಾಕೋದ ಅಪರಾಧ.

ನಡುವ ಒಂದು ಮಾತು: ರವಿವಾರ ಮುಂಜಾನೆ 7ಕ್ಕ ಲೈವ್ ಅದ, ನಿಮ್ಮ ಕುದುರಿ ಜೀನು ಕಟ್ಟಿದ ಫೋಟೋ ಬಾಜೂದಿಂದ ತೆಗೆದು ಕಳಸ್ರಿ, ಒಂದೊಂದ ನೋಡಿ ಹೇಳ್ತೀನಿ. ಸಬ್‌ಸ್ಕ್ರೈಬ್ ಮಾಡಿಲ್ಲಂದ್ರ ಮಾಡ್ರಿ, ನಿಮ್ಮ ಸೈಸ್‌ಗೂ, ಅಂದ್ರ ಕುದುರಿ ನೋಡ್ಕೊಳ್ಳಾವಗೂ, ತೋರಸ್ರಿ, ದಿನಾ ಕುದುರಿ ಹಿಡಿಯೋದು ಅವನ.

ಮತ್ತ ಯಾರೋ ಬರಿತೀರಿ, ಗೊತ್ತದ, "ಸರ್, ನಮ್ಮ ಕುದುರಿ ಬ್ಯಾರೆ, ಭಾಳ ಜಿದ್ದಿ" ಅಂತ. ಬ್ಯಾರೆ ಅಲ್ರಿ! ಎಲ್ಲಾ ಕುದುರಿಗೂ ಅದೇ ದವಡಿ, ಅದೇ ತೆಳ್ಳನ ಚರ್ಮ, ಅದೇ ಎಲುಬು. ಲಗಾಮು ಬ್ರೇಕ್ ಅಲ್ಲ, ಅಲ್ಲ, ಅಲ್ಲ! ಇವತ್ತ ಸಂಜಿಕ್ಕ ಬಿಚ್ರಿ ಆ ಮುಳ್ಳಿನ ಲಗಾಮನ್ನ. ಗೂಟಕ್ಕ ಸಿಗಿಸಬ್ಯಾಡ್ರಿ, ನಾಳೆ ಮತ್ತ ಕೈಗೆ ಸಿಗ್ತದ, ಗುಜರಿಯವನಿಗೆ ಹಾಕ್ರಿ. ಬಿಚ್ಚಿದವರು ಕೆಳಗ "ಬಿಚ್ಚೀನಿ" ಅಂತ ಬರೀರಿ. ಆ 11 ಮಂದೀನೂ ಬರೀಬೇಕು, ನಾ ಒಬ್ಬೊಬ್ಬರನ್ನ ಹುಡುಕಿ ನೋಡ್ತೀನಿ.