ದೆಹಲಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ

ಶಿಕ್ಷಕ ಬಂಧುಗಳೇ,

ದೆಹಲಿ ಪ್ರವಾಸ ಎಂದಕೂಡಲೇ ಎರಡು ದಿನಕ್ಕೆ ಹನ್ನೆರಡು ಜಾಗಗಳ ಪಟ್ಟಿ ಸಿದ್ಧವಾಗುತ್ತದೆ. ಹಾಗೆ ಹೋದ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನೇ ಹೆಚ್ಚು. ದಿನಕ್ಕೆ ಮೂರು ಜಾಗ ಸಾಕು. ಒಂದೊಂದರಲ್ಲೂ ಮಕ್ಕಳು ಯಾವುದರ ಮುಂದೆ ನಿಲ್ಲಬೇಕು ಎಂಬುದು ಊರು ಬಿಡುವ ಮೊದಲೇ ತೀರ್ಮಾನವಾಗಿರಬೇಕು.

ಮೊದಲು ವಾರ ನೋಡಿ. ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಯಲ್ಲಿ ಇಳಿಯುವುದು ಭಾನುವಾರ. ಮರುದಿನ ಸೋಮವಾರ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಗಾಂಧಿ ಸ್ಮೃತಿ, ರೈಲು ವಸ್ತುಸಂಗ್ರಹಾಲಯ, ಕೆಂಪುಕೋಟೆ ಎಲ್ಲಕ್ಕೂ ರಜೆ. ಆದ್ದರಿಂದ ಭಾನುವಾರ ಸಂಜೆ ಹೊರಡಿ, ಮಂಗಳವಾರ ತಲುಪಿ. ಡಿಸೆಂಬರ್‌ನಲ್ಲಿ ಉತ್ತರದ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಹಾಗಾಗಿ ಇಳಿದ ದಿನಕ್ಕೆ ಟಿಕೆಟ್ ಬೇಕಾದ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಜನವರಿಯ ಎರಡನೇ ಅರ್ಧವನ್ನಂತೂ ಬಿಟ್ಟೇಬಿಡಿ. ಗಣರಾಜ್ಯೋತ್ಸವದ ತಾಲೀಮಿಗಾಗಿ ಕರ್ತವ್ಯ ಪಥದ (ಹಿಂದಿನ ರಾಜಪಥ) ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪೋಷಕರ ಒಪ್ಪಿಗೆ ಪತ್ರ ನಿಮಗೆ ಗೊತ್ತಿರುವುದೇ. ನಾವು ಮರೆಯುವುದು ಕನ್ನಡದ ಹಾಳೆಯನ್ನು. ಅಲ್ಲಿನ ಫಲಕಗಳು ಹಿಂದಿ, ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಏಳನೇ ತರಗತಿಯ ಮಗು ಅವುಗಳ ಮುಂದೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಜಾಗಕ್ಕೊಂದು ಹಾಳೆ, ಹಾಳೆಗೆ ಮೂರೇ ಪ್ರಶ್ನೆ. ಕಣ್ಣಿಟ್ಟು ನೋಡಿದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆಗಳಾಗಿರಲಿ.

ಇಳಿದ ಮರುದಿನ ಸುತ್ತಾಟದ ಮೊದಲ ದಿನ. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹರಪ್ಪ ವಿಭಾಗವೊಂದೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಹೆಂಜೊದಾರೊದ ನರ್ತಕಿ ಅಲ್ಲಿದ್ದಾಳೆ. ಪಠ್ಯಪುಸ್ತಕದ ಚಿತ್ರ ನೋಡಿ ಬಂದ ಮಕ್ಕಳು ಆಳೆತ್ತರದ ವಿಗ್ರಹ ಹುಡುಕುತ್ತಾರೆ. ಕಂಚಿನ ಆ ಬೊಂಬೆ ಇರುವುದು ಸುಮಾರು ಹತ್ತೂವರೆ ಸೆಂಟಿಮೀಟರ್. ಹಿಂದಿನ ದಿನವೇ ಸ್ಕೇಲ್ ಹಿಡಿದು ಆ ಅಳತೆಯ ಗೆರೆಯನ್ನು ನೋಟ್‌ಬುಕ್ಕಿನಲ್ಲಿ ಎಳೆಸಿ. ನಲವತ್ತು ಮಕ್ಕಳು ಒಟ್ಟಿಗೆ ಗಾಜಿನ ಪೆಟ್ಟಿಗೆಗೆ ಮುತ್ತಿಕೊಂಡರೆ ಹಿಂದಿನವರಿಗೆ ಕಾಣುವುದು ಮುಂದಿನವರ ಜಡೆ ಮಾತ್ರ. ಐದೈದು ಮಕ್ಕಳ ಎಂಟು ಗುಂಪು ಮಾಡಿ, ತಂಡಕ್ಕೆ ಮೂರು ನಿಮಿಷ ಕೊಡಿ. ಎಡಗೈ ಭುಜದವರೆಗೂ ಬಳೆ, ಬಲಗೈಯಲ್ಲಿ ನಾಲ್ಕೇ. ಏಕಿರಬಹುದು ಎಂದು ಕೇಳಿ, ಉತ್ತರ ಹೇಳಿಕೊಡಬೇಡಿ.

ಸಂಜೆಗೆ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ಇದರಲ್ಲಿ ಒಂದರೊಳಗೊಂದು ನಾಲ್ಕು ಚಕ್ರಗಳಿವೆ. ತ್ಯಾಗ ಚಕ್ರದ ಗೋಡೆಗಳ ಗ್ರಾನೈಟ್ ಇಟ್ಟಿಗೆಗಳ ಮೇಲೆ ಹುತಾತ್ಮರ ಹೆಸರುಗಳಿವೆ. ನಿಮ್ಮ ತಾಲ್ಲೂಕಿನ ಸೈನಿಕರೊಬ್ಬರ ಹೆಸರನ್ನು ಮೊದಲೇ ಪತ್ತೆ ಮಾಡಿಟ್ಟುಕೊಂಡು, ಮಕ್ಕಳಿಂದಲೇ ಆ ಇಟ್ಟಿಗೆ ಹುಡುಕಿಸಿ.

ಎರಡನೇ ದಿನ ಬೆಳಗ್ಗೆಯೇ ರಾಜಘಾಟ್ ಮುಗಿಸಿ. ಚಪ್ಪಲಿ ಬಿಡಬೇಕು, ಚಳಿಗಾಲದಲ್ಲಿ ಕಲ್ಲು ಕೊರೆಯುತ್ತದೆ, ಕಾಲುಚೀಲ ಇರಲಿ. ಅಲ್ಲಿಂದ ಗಾಂಧಿ ಸ್ಮೃತಿ. ಗಾಂಧೀಜಿ ಬದುಕಿನ ಕೊನೆಯ 144 ದಿನ ಕಳೆದ ಮನೆ ಅದು. ಅವರ ಕೋಣೆಯಿಂದ ಪ್ರಾರ್ಥನಾ ಸ್ಥಳದವರೆಗೆ ಕೊನೆಯ ಹೆಜ್ಜೆಗಳನ್ನು ಸಿಮೆಂಟಿನಲ್ಲಿ ಮೂಡಿಸಿದ್ದಾರೆ. ನಿಮ್ಮ ವಿವರಣೆಯೆಲ್ಲ ಗೇಟಿನಲ್ಲೇ ಮುಗಿದಿರಲಿ. ಆ ಹೆಜ್ಜೆಗಳ ಪಕ್ಕದಲ್ಲಿ ಮಕ್ಕಳು ಸುಮ್ಮನೆ ನಡೆಯಲಿ.

ಅಲ್ಲಿಂದ ತೀನ್ ಮೂರ್ತಿ, ಅಂದರೆ ಮೂರು ಪ್ರತಿಮೆಗಳ ವೃತ್ತ, ದೂರವಿಲ್ಲ. ನಮ್ಮ ಬಸ್ಸುಗಳು ಆ ವೃತ್ತವನ್ನು ಸುತ್ತಿ, ಪ್ರಧಾನಮಂತ್ರಿ ಸಂಗ್ರಹಾಲಯದ ಗೇಟಿಗೆ ನೇರ ಹೋಗಿಬಿಡುತ್ತವೆ. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ. ವೃತ್ತದಲ್ಲಿ ನಿಂತ ಮೂವರು ಕಂಚಿನ ಯೋಧರು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಸವಾರ ದಳಗಳವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣದ ಮೇಲೆ ಜೋಧಪುರದವರು ಕುದುರೆ ನುಗ್ಗಿಸಿದಾಗ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಏರಿದವರಲ್ಲಿ ಮೈಸೂರಿನ ಸವಾರರಿದ್ದರು. 2018ರಿಂದ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿದೆ. ವಾಹನಗಳ ದಟ್ಟಣೆ ಜೋರು, ನಡುವಿನ ದ್ವೀಪಕ್ಕೆ ಮಕ್ಕಳನ್ನು ದಾಟಿಸಬೇಡಿ. ಪಾದಚಾರಿ ಮಾರ್ಗದಿಂದಲೇ ಹತ್ತು ನಿಮಿಷ ತೋರಿಸಿ.

ಮಧ್ಯಾಹ್ನ ದಣಿದ ಮಕ್ಕಳಿಗೆ ಚಾಣಕ್ಯಪುರಿಯ ರೈಲು ವಸ್ತುಸಂಗ್ರಹಾಲಯ ಹೇಳಿ ಮಾಡಿಸಿದ್ದು, ಬಯಲಿದೆ, ಓಡಾಡಬಹುದು. ಮೈಸೂರು ಮಹಾರಾಜರ ಪ್ರಯಾಣಕ್ಕೆಂದೇ ಇದ್ದ 1899ರ ಸಲೂನ್ ಬೋಗಿಯೂ ಅಲ್ಲಿದೆ. ಮಕ್ಕಳು ಚದುರಿಹೋಗುವುದೂ ಇಲ್ಲೇ. ಒಳಗೆ ಕಾಲಿಟ್ಟ ತಕ್ಷಣ ಒಂದು ಎಂಜಿನ್ ಗುರುತು ಮಾಡಿ, ಅರ್ಧ ಗಂಟೆಗೊಮ್ಮೆ ಅದರ ಮುಂದೆ ಹಾಜರಿ ತೆಗೆದುಕೊಳ್ಳಿ.