ಮೊದಲು ತೊಳೆಯಿರಿ, ಆಮೇಲೆ ಹಚ್ಚಿ

ಕೇಳುಗರಿಗೆಲ್ಲ ನಮಸ್ಕಾರ.

ಕಾಡುಗಿಡ ತಾಗಿ ಮೈ ತುರಿಸಿದರೆ, ಬೊಬ್ಬೆ ಎದ್ದರೆ ಮನೆಯಲ್ಲೇ ಏನು ಮಾಡಬಹುದು, ಸ್ವಲ್ಪ ಹೇಳಿ ಎಂದು ನಿಲಯದವರು ಕರೆದಿದ್ದಾರೆ. ನಾನು ಮಲೆನಾಡಿನಲ್ಲಿ ಚರ್ಮದ ಡಾಕ್ಟರು. ಸೊಪ್ಪಿನ ಬೆಟ್ಟಕ್ಕೆ ಹೋಗುವವರು, ದರಗು ಗುಡಿಸುವವರು, ಬೇಲಿ ಸವರುವವರು, ಈಗ ಅಡಿಗೆಮನೆಯಲ್ಲಿ ಕೆಸು ಹೆಚ್ಚುತ್ತಾ ರೇಡಿಯೋ ಕೇಳುತ್ತಿರುವ ಅಕ್ಕಂದಿರು, ನಿಮ್ಮನ್ನೇ ನೆನೆಸಿಕೊಂಡು ಮಾತಾಡುತ್ತೇನೆ. ಪೆನ್ನು ಕಾಗದ ಹುಡುಕಬೇಡಿ. ಒಂದೇ ಮಾತು ನೆನಪಿಟ್ಟುಕೊಂಡರೆ ಸಾಕು. ಮೊದಲು ತೊಳೆಯಿರಿ. ಸೋಪು ಹಾಕಿ, ಧಾರಾಳ ನೀರು ಸುರಿದು ತೊಳೆಯಿರಿ. ಹಚ್ಚುವುದೆಲ್ಲ ಆಮೇಲೆ.

ಇಷ್ಟು ಒತ್ತಿ ಯಾಕೆ ಹೇಳ್ತೀನಿ ಅಂದರೆ, ನನ್ನ ಹತ್ತಿರ ಬರುವವರು ಎಲ್ಲವನ್ನೂ ಹಚ್ಚಿಕೊಂಡು ಮುಗಿಸಿಯೇ ಬಂದಿರುತ್ತಾರೆ. ಅರಿಸಿನ, ಅರೆದ ಬೇವಿನ ಸೊಪ್ಪು, ಎಲೆಗೆ ಹಾಕುವ ಸುಣ್ಣ, ಟೂತ್‌ಪೇಸ್ಟು, ಸೀಮೆಎಣ್ಣೆ. ಒಂದರ ಮೇಲೊಂದು ಒಣಗಿ ಗಟ್ಟಿಯಾಗಿರುತ್ತದೆ, ಕೆಳಗಿರುವ ಚರ್ಮ ನೋಡಬೇಕಾದರೆ ನಾನು ಕಾಲು ಗಂಟೆ ಒರೆಸಬೇಕು. "ತೊಳೆದಿರಾ?" ಅಂತ ಕೇಳಿದರೆ, "ಇಲ್ಲ ಡಾಕ್ಟ್ರೇ, ನೀರು ತಾಗಿದ್ರೆ ಹಬ್ಬುತ್ತೆ ಅಂದ್ರು." ಯಾರು ಅಂದಿದ್ದು ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ.

ನಮ್ಮ ಕಡೆ ದೊಡ್ಡ ತೊಂದರೆ ಕೊಡುವುದು ಗೇರಿನ ಜಾತಿಯ ಮರಗಳು. ಹೊಳಗೇರು ಇದೆಯಲ್ಲ, ಕರಾವಳಿಯಲ್ಲಿ ಚೇರೆ ಮರ ಅನ್ನುತ್ತಾರೆ, ಅದು. ಬಯಲುಸೀಮೆ ಕಾಡಿನ ಕರಿಗೇರು. ತೋಟದ ಗೋಡಂಬಿಯ ಸಿಪ್ಪೆಯಲ್ಲಿರುವ ಎಣ್ಣೆ. ಅಷ್ಟೇ ಯಾಕೆ, ನಾವು ಇಷ್ಟಪಟ್ಟು ತಿನ್ನುವ ಮಾವೂ ಅದೇ ಕುಟುಂಬ. ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿಗೆ ತಾಗಿ ಹುಣ್ಣಾಗುವುದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಈ ಮರಗಳ ಸೊನೆಯಲ್ಲಿ ಎಣ್ಣೆಯಂಥ ವಿಷ ಇರುತ್ತದೆ. ಎಣ್ಣೆ ಅಂದಮೇಲೆ ಬರೀ ನೀರಿಗೆ ಹೋಗುವುದಿಲ್ಲ, ಸೋಪೇ ಬೇಕು. ತಾಗಿದ ಕೂಡಲೇ ತೊಳೆದರೆ ಬಹುಪಾಲು ಹೋಗುತ್ತದೆ. ಆಮೇಲೆ ಅದು ಚರ್ಮದೊಳಗೆ ಇಳಿದು ಕೂತುಬಿಡುತ್ತದೆ. ತಡವಾದರೂ ತೊಳೆಯಿರಿ, ಮೇಲೆ ಉಳಿದಿರುವುದಾದರೂ ಹೋಗಲಿ.

ಮೋಸ ಎಲ್ಲಿ ಅಂದರೆ, ಹೆಚ್ಚಿನ ಸಲ ತಾಗಿದ ತಕ್ಷಣ ಏನೂ ಆಗುವುದಿಲ್ಲ. ಉರಿಯಿಲ್ಲ, ತುರಿಕೆಯಿಲ್ಲ. ಒಂದು ದಿನ, ಎರಡು ದಿನ ಬಿಟ್ಟು ಕೆಂಪಾಗುತ್ತದೆ, ಊದುತ್ತದೆ, ನೀರು ತುಂಬಿದ ಬೊಬ್ಬೆ ಏಳುತ್ತದೆ. ಅಷ್ಟು ಹೊತ್ತಿಗೆ ಯಾವ ಮರ ಮುಟ್ಟಿದ್ದೆವು ಅನ್ನುವುದೇ ಮರೆತಿರುತ್ತದೆ. "ದೃಷ್ಟಿಯಾಗಿರಬೇಕು," "ಸರ್ಪಸುತ್ತು ಇರಬೇಕು" ಅಂತ ಶುರು.

ಇಲ್ಲೊಂದು ಕತೆ ಹೇಳಲೇಬೇಕು. ಅಡಿಕೆ ತೋಟದ ಯಜಮಾನರೊಬ್ಬರು ಒಂದು ಮಳೆಗಾಲ ಕಳೆದ ಮೇಲೆ ನನ್ನಲ್ಲಿಗೆ ಬಂದರು. ಮುಖ ಊದಿ ಕಣ್ಣು ತೆರೆಯಲು ಆಗುತ್ತಿರಲಿಲ್ಲ, ಕೈ ತುಂಬ ಬೊಬ್ಬೆ. ಕೊಟ್ಟಿಗೆಯ ಮಾಡಿಗೆ ಗಳ ಬೇಕು ಅಂತ ಬೆಟ್ಟದಲ್ಲಿ ಮರ ಕಡಿದಿದ್ದರಂತೆ. ಔಷಧಿ ಕೊಟ್ಟೆ, ಎರಡು ವಾರದಲ್ಲಿ ವಾಸಿಯಾಯಿತು. ಹೋದರು. ಸ್ವಲ್ಪ ದಿನ ಬಿಟ್ಟು ಮತ್ತೆ ಬಂದರು. ಈ ಸಲ ಅಂಗೈಗೆ, ಸೊಂಟದ ಸುತ್ತ ಪಟ್ಟಿಯ ಹಾಗೆ, ಹಣೆಯ ಮೇಲೆ. "ಮತ್ತೆ ಮರ ಕಡಿದ್ರಾ?" "ಇಲ್ಲ ಡಾಕ್ಟ್ರೇ, ಆ ಬೆಟ್ಟದ ಕಡೆ ತಲೆ ಹಾಕಿ ಮಲಗಿಲ್ಲ." ಮತ್ತೆ ಔಷಧಿ, ಮತ್ತೆ ವಾಸಿ. ಮೂರನೇ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಕೆಗೆ ಎರಡೂ ಮುಂಗೈಯಲ್ಲಿ ಬೊಬ್ಬೆ. ಮನೆಯಲ್ಲಿ ಎಲ್ಲರೂ ನಿಶ್ಚಯ ಮಾಡಿಬಿಟ್ಟಿದ್ದರು, ಇದು ಅಂಟುರೋಗ, ಅವರ ತಟ್ಟೆ ಲೋಟ ಬೇರೆ ಇಡಿ ಅಂತ. ಆಕೆ ಕಣ್ಣಲ್ಲಿ ನೀರು ಹಾಕಿಕೊಂಡರು. ನೆಂಟರೊಬ್ಬರು ನಾಗದೋಷದ ಮಾತನ್ನೂ ತೆಗೆದಿದ್ದರಂತೆ.

ನನಗೆ ಆ ಸೊಂಟದ ಪಟ್ಟಿ ಮೇಲೆ ಅನುಮಾನ. ಅಷ್ಟು ನೇರವಾದ ಗೆರೆ ರೋಗ ಎಳೆಯುವುದಿಲ್ಲ, ಯಾವುದೋ ವಸ್ತು ಎಳೆದಿರಬೇಕು. "ಅವತ್ತು ಮರ ಕಡಿಯುವಾಗ ಮೈಮೇಲೆ ಏನೇನಿತ್ತೋ ಅದನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನಿ" ಅಂದೆ. ಮರುದಿನ ತಂದರು. ಕತ್ತಿ, ಸೊಂಟಕ್ಕೆ ಹಗ್ಗದಲ್ಲಿ ಕಟ್ಟುವ ಕತ್ತಿಕೊಕ್ಕೆ, ಅಡಿಕೆ ಹಾಳೆಯ ಟೊಪ್ಪಿ, ಒಂದು ಕೆಂಪು ಚೌಕಳಿಯ ಪಂಜಿ. ಕೈಗವಸು ಹಾಕಿಕೊಂಡು ಬಿಚ್ಚಿ ನೋಡಿದೆ. ಹೊಳಗೇರಿನ ಸೊನೆಗೆ ಗಾಳಿ ತಾಗಿದರೆ ಕಪ್ಪಾಗುತ್ತದೆ, ಗೊತ್ತಿರಲಿ. ಕತ್ತಿಯ ಮರದ ಹಿಡಿಯಲ್ಲಿ, ಬೆರಳು ಹಿಡಿಯುವ ಜಾಗದಲ್ಲೇ ಕಪ್ಪು ಕಲೆ. ಕೊಕ್ಕೆಯ ಹಗ್ಗ ಅಲ್ಲಲ್ಲಿ ಕಪ್ಪಗಾಗಿ ಗಟ್ಟಿಯಾಗಿತ್ತು. ಟೊಪ್ಪಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕಿಗಳು, ಅದೂ ಹಣೆಗೆ ಒತ್ತುವ ಕಡೆ. ಪಂಜಿ ಒಗೆದಿದ್ದರೂ ಕಲೆ ಹೋಗಿರಲಿಲ್ಲ. ಒಗೆದವರು ಯಾರು? ಹೆಂಡತಿ! ಯಜಮಾನರು ಮೈಗೆ ಎಲ್ಲ ಮದ್ದೂ ಹಚ್ಚಿದ್ದರು, ಕತ್ತಿಯ ಹಿಡಿಯನ್ನು ಮಾತ್ರ ತೊಳೆದಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನೇ ಹಿಡಿದು ತೋಟಕ್ಕೆ ಹೋಗುವುದು, ಅದನ್ನೇ ಸೊಂಟಕ್ಕೆ ಕಟ್ಟುವುದು. ಹಗ್ಗ ಮತ್ತು ಟೊಪ್ಪಿಯನ್ನು ಹೂಳಿಸಿದೆ, ಕತ್ತಿಯನ್ನು ಕೈಗವಸು ಹಾಕಿ ಸೋಪಿನಲ್ಲಿ ಉಜ್ಜಿಸಿದೆ. ಆಮೇಲೆ ಗಂಡನಿಗೂ ಇಲ್ಲ, ಹೆಂಡತಿಗೂ ಇಲ್ಲ. ತಟ್ಟೆ ಲೋಟ ಒಂದೇ ಆಯಿತು.

ಹಾಗಾಗಿ ತೊಳೆಯಿರಿ ಅಂದರೆ ಬರೀ ಕೈ ಅಲ್ಲ. ಉಗುರಿನ ಸಂದಿ ತೊಳೆಯಿರಿ. ಕತ್ತಿ, ಕೊಡಲಿ, ಚಪ್ಪಲಿ, ಬಟ್ಟೆ, ಬಟ್ಟೆ ಒಗೆದ ಕಲ್ಲು, ಎಲ್ಲ ತೊಳೆಯಿರಿ. ಇನ್ನೊಂದು, ಬೊಬ್ಬೆ ಒಡೆದು ಬರುವ ನೀರಿನಿಂದ ಇದು ಹಬ್ಬುವುದಿಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಹಬ್ಬಿಸುವುದು ಸೊನೆ. ದಯವಿಟ್ಟು ಯಾರ ತಟ್ಟೆಯನ್ನೂ ಬೇರೆ ಇಡಬೇಡಿ.

ಮತ್ತೆ, ಆ ಹೊಳಗೇರು ಮರವನ್ನು ಬಚ್ಚಲ ಒಲೆಗೆ ಹಾಕಲೇಬೇಡಿ. ಹೊಗೆಯಲ್ಲೂ ವಿಷ ಹೋಗುತ್ತದೆ, ಉಸಿರಾಡಿದರೆ ಗಂಟಲು ಶ್ವಾಸಕೋಶ ಎಲ್ಲ ಊದಬಹುದು. ಅದು ಮನೆಮದ್ದಿನ ವಿಷಯವೇ ಅಲ್ಲ, ಸೀದಾ ಆಸ್ಪತ್ರೆ.

ಕರಿಗೇರಿನ ಬೀಜದ ರಸದಿಂದ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗದ ಕಪ್ಪು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕತ್ತಿನ ಹಿಂದೆ, ಸೊಂಟದಲ್ಲಿ ತುರಿಕೆ ಎದ್ದಿತು. ಹುಡುಕಿದರೆ ಅಂಗಿಯ ಕಾಲರಿನ ಒಳಗೆ ಅಗಸರ ಗುರುತು! ಅಷ್ಟು ಚಿಕ್ಕ ಕಲೆ ಸಾಕು ನೋಡಿ.

ಕೆಲವು ಕಡೆ ಚೇರೆ ತಾಗಿದರೆ ತಾರೆ ಮರಕ್ಕೆ ಸುತ್ತು ಬರುವ ಪದ್ಧತಿ ಇದೆ. ಹಿರಿಯರ ನಂಬಿಕೆ, ನಾನು ನಗುವುದಿಲ್ಲ. ಸುತ್ತು ಬನ್ನಿ. ಆದರೆ ದಾರಿಯಲ್ಲಿ ಹಳ್ಳ ಸಿಗುತ್ತದಲ್ಲ, ಅಲ್ಲಿ ಸೋಪು ಹಾಕಿ ತೊಳೆದುಕೊಂಡು ಹೋಗಿ.

ಸರಿ, ತೊಳೆದಾಯಿತು. ಈಗ ಹಚ್ಚುವುದು. ತಣ್ಣೀರಲ್ಲಿ ಅದ್ದಿ ಹಿಂಡಿದ ಹಳೇ ಹತ್ತಿ ಬಟ್ಟೆಯನ್ನು ಕಾಲು ಗಂಟೆ ಮೇಲಿಡಿ, ದಿನಕ್ಕೆ ಮೂರು ನಾಲ್ಕು ಸಲ. ತುರಿಕೆ ಇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮನೆಮದ್ದು ನಾನು ನೋಡಿಲ್ಲ, ದುಡ್ಡೂ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಬಹುದು. ಲೋಳೆಸರದ ಒಳಗಿನ ತಿರುಳು ತಂಪು ಕೊಡುತ್ತದೆ, ಸಿಪ್ಪೆಯ ಹತ್ತಿರದ ಹಳದಿ ರಸವನ್ನು ತೊಳೆದು ತೆಗೆದು ತಿರುಳು ಮಾತ್ರ ಬಳಸಿ. ಉಗುರು ಕತ್ತರಿಸಿಕೊಳ್ಳಿ. ಬಿಸಿನೀರು ಹಾಕಬೇಡಿ, ಹಾಕಿದಾಗ ಹಿತ ಅನ್ನಿಸುತ್ತದೆ, ಆಮೇಲೆ ದುಪ್ಪಟ್ಟು ತುರಿಸುತ್ತದೆ. ಸುಣ್ಣ ಬೇಡವೇ ಬೇಡ, ಸುಡುತ್ತದೆ. ಒಡೆದ ಬೊಬ್ಬೆಗೆ ಸಗಣಿ ಮೆತ್ತಬೇಡಿ, ಧನುರ್ವಾಯು ಬಂದೀತು. ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಹಚ್ಚುವುದಾದರೆ ಕೆಲಸಕ್ಕೆ ಹೋಗುವ ಮೊದಲು ಹಚ್ಚಿ. ಗೋಡಂಬಿ ಸಿಪ್ಪೆ ಬಿಡಿಸುವ ಹೆಂಗಸರು ಅದಕ್ಕೇ ಕೈಗೆ ಎಣ್ಣೆಯೋ ಬೂದಿಯೋ ಬಳಿದುಕೊಂಡು ಕೂರುವುದು. ಸೊನೆ ತಾಗಿದ ಮೇಲೆ ತೊಳೆಯದೆ ಎಣ್ಣೆ ತಿಕ್ಕಿದರೆ ಸೊನೆಯನ್ನು ಮೈಗೆಲ್ಲ ನೀವೇ ಬಳಿದ ಹಾಗೆ.

ಇನ್ನು ಆ ಟ್ಯೂಬುಗಳು. ಅಂಗಡಿಯವರನ್ನು ಕೇಳಿ ತಂದು ಹಚ್ಚುವ ಮೂರು ನಾಲ್ಕು ಔಷಧಿ ಬೆರೆಸಿದ ಮುಲಾಮು. ಅದರಲ್ಲಿ ಬಲವಾದ ಸ್ಟೆರಾಯ್ಡ್ ಇರುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳ್ಳಗೆ ಮಾಡಿಕೊಂಡು ಬರುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಡಾಕ್ಟರು ಬರೆದುಕೊಡದೆ ತರಬೇಡಿ.

ನಸುಗುನ್ನಿ ಮತ್ತು ತುರಿಕೆ ಸೊಪ್ಪಿನ ಲೆಕ್ಕ ಬೇರೆ. ಇವು ಮುಟ್ಟಿದ ಕ್ಷಣವೇ ಉರಿಸುತ್ತವೆ, ಯಾಕೆಂದರೆ ಚುಚ್ಚುವುದು ರೋಮ. ತುರಿಕೆ ಸೊಪ್ಪಿನ ಒಂದೊಂದು ರೋಮವೂ ಇಂಜೆಕ್ಷನ್ ಸೂಜಿಯ ಹಾಗೆ, ತುದಿ ಮುರಿದು ರಸ ಒಳಗೆ ಬಿಡುತ್ತದೆ. ಇಲ್ಲಿ ಮಾತ್ರ ತೊಳೆಯುವ ಮೊದಲು ಒಂದು ಕೆಲಸ ಇದೆ. ಉಜ್ಜಬೇಡಿ. ಅಂಟುವ ಟೇಪನ್ನು ಮೆಲ್ಲಗೆ ಒತ್ತಿ ಕಿತ್ತು ರೋಮ ತೆಗೆಯಿರಿ, ಟೇಪು ಇಲ್ಲದಿದ್ದರೆ ಚಪಾತಿ ಹಿಟ್ಟಿನ ಉಂಡೆ ಒತ್ತಿ ತೆಗೆಯಿರಿ. ಆಮೇಲೆ ಯಥಾಪ್ರಕಾರ ಸೋಪು, ನೀರು. ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಇಳಿಯುತ್ತದೆ.

ಕೆಸು, ಸುವರ್ಣಗೆಡ್ಡೆ ಹೆಚ್ಚುವ ಅಕ್ಕಂದಿರಿಗೆ ಹೇಳಿಕೊಡುವ ಧೈರ್ಯ ನನಗಿಲ್ಲ, ಕೈಗೆ ಎಣ್ಣೆ ಹಚ್ಚಿ ಹೆಚ್ಚುವುದು, ಬೇಯಿಸುವಾಗ ಹುಣಸೆಹುಳಿ ಹಾಕುವುದು ನಿಮಗೇ ಚೆನ್ನಾಗಿ ಗೊತ್ತು. ಅಲ್ಲಿ ತುರಿಸುವುದು ಕಣ್ಣಿಗೆ ಕಾಣದ ಸೂಜಿಯಂಥ ಹರಳು. ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ, ಅಷ್ಟೇ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಕಾಂಗ್ರೆಸ್ ಗಿಡದ ಬಗ್ಗೆ ಬೇಕಾದಷ್ಟು ಹೇಳುವುದಿತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಈಗ ನಮ್ಮ ರಸ್ತೆ ಬದಿಗೆಲ್ಲ ಬಂದಿರುವ ಬಿಳಿ ಹೂವಿನ ಕಳೆ. ಅದರ ಒಣಗಿದ ಪುಡಿ ಗಾಳಿಯಲ್ಲಿ ಬಂದು ಮುಖ, ಕಣ್ಣಿನ ರೆಪ್ಪೆ, ಕತ್ತಿಗೆ ಕೂರುತ್ತದೆ, ವರ್ಷಗಟ್ಟಲೆ ಕಾಡುತ್ತದೆ. ಹೂ ಬಿಡುವ ಮೊದಲೇ, ಕೈಗವಸು ಹಾಕಿ, ಬೇರು ಸಮೇತ ಕೀಳಿ. ಮನೆಗೆ ಬಂದ ಕೂಡಲೇ ಏನು ಮಾಡಬೇಕು ಅಂತ ಮತ್ತೆ ಹೇಳಬೇಕಾ?

ಕಣ್ಣು ಮುಚ್ಚುವಷ್ಟು ಮುಖ ಊದಿದರೆ, ಗುಪ್ತಾಂಗಕ್ಕೆ ತಾಗಿದ್ದರೆ, ಬೊಬ್ಬೆಯಲ್ಲಿ ಕೀವಾದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಸುಣ್ಣ, ಅರಿಸಿನ, ಟೂತ್‌ಪೇಸ್ಟು ಏನೂ ಬಳಿಯದೆ ಹೋಗಿ, ಅವರಿಗೆ ಚರ್ಮ ಕಾಣಲಿ. ನಮಸ್ಕಾರ.